ಹೆಬ್ಬೆಟ್ಟು ನಮ್ಮದು, ಹೊಣೆ ಯಾರದು?

2023ರ ಅಕ್ಟೋಬರ್ ಹೊತ್ತಿಗೆ ಮಂಗಳೂರಿನ ಪೊಲೀಸರ ಬಳಿಗೆ ಒಂದೇ ಬಗೆಯ ದೂರುಗಳು ಒಂದರ ಹಿಂದೊಂದು ಬರತೊಡಗಿದವು. ಖಾತೆಯಿಂದ ದುಡ್ಡು ಹೋಗಿದೆ. ಆದರೆ ಕಳೆದುಕೊಂಡವರು ಯಾರಿಗೂ ಒಟಿಪಿ ಹೇಳಿರಲಿಲ್ಲ, ಯಾವ ಲಿಂಕನ್ನೂ ಒತ್ತಿರಲಿಲ್ಲ, ‘ಬ್ಯಾಂಕ್ ಮ್ಯಾನೇಜರ್ ಮಾತಾಡ್ತಿದೀನಿ’ ಎನ್ನುವ ಕರೆಯೂ ಬಂದಿರಲಿಲ್ಲ. ವಿಚಾರಿಸುತ್ತ ಹೋದಾಗ ಹಲವರ ವಿಷಯದಲ್ಲಿ ಒಂದು ಸಂಗತಿ ತಾಳೆಯಾಯಿತು. ಅವರು ಕೆಲ ಕಾಲದ ಹಿಂದೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಸೈಟನ್ನೋ ಮನೆಯನ್ನೋ ನೋಂದಣಿ ಮಾಡಿಸಿಕೊಂಡು ಬಂದಿದ್ದರು. ಬೆಂಗಳೂರಿನಲ್ಲೂ ಇಂಥವೇ ಪ್ರಕರಣಗಳು ಬಯಲಾದವು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ಕ್ರಯಪತ್ರಗಳನ್ನು ಇಳಿಸಿಕೊಂಡು, ಅವುಗಳಲ್ಲಿದ್ದ ಹೆಬ್ಬೆಟ್ಟಿನ ಗುರುತಿನಿಂದ ನಕಲಿ ಬೆರಳಚ್ಚು ಮಾಡಿದ ಆರೋಪದ ಮೇಲೆ ಬಂಧನಗಳೂ ಆದವು.

ಇದು ಹೇಗೆ ನಡೆಯಿತೆಂದು ತಿಳಿಯಲು ‘ಎಇಪಿಎಸ್’ ಎಂಬ ಏರ್ಪಾಡನ್ನು ಸ್ವಲ್ಪ ನೋಡಬೇಕು. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಈ ಮೂರಿದ್ದರೆ ಹಳ್ಳಿಯ ಬ್ಯಾಂಕ್ ಮಿತ್ರನ ಕೈಯಲ್ಲಿರುವ ಪುಟ್ಟ ಯಂತ್ರದಿಂದ ದುಡ್ಡು ತೆಗೆಯಬಹುದು. ಕಾರ್ಡ್ ಬೇಡ, ಪಿನ್ ಬೇಡ, ಒಟಿಪಿ ಬೇಡ. ಪಿಂಚಣಿಗಾಗಿ ಹೋಬಳಿ ಕೇಂದ್ರದವರೆಗೆ ಬಸ್ಸು ಹಿಡಿದು ಹೋಗಬೇಕಿದ್ದ ಮುದುಕಿಗೆ ಮನೆ ಬಾಗಿಲಲ್ಲೇ ಹಣ ಸಿಗಲಿ ಎನ್ನುವುದು ಇದರ ಉದ್ದೇಶ. ಉದ್ದೇಶದಲ್ಲಿ ಕೊಂಕು ಹುಡುಕಬೇಕಾಗಿಲ್ಲ. ಆದರೆ ಅದು ಆ ಮುದುಕಿಯ ಖಾತೆಗೆ ಮಾತ್ರ ಸೀಮಿತವಾಗಲಿಲ್ಲ. ಆಧಾರ್ ಜೋಡಿಸಿದ ಖಾತೆಗಳಿಗೆಲ್ಲ, ಖಾತೆದಾರ ಕೇಳಲಿ ಬಿಡಲಿ, ಈ ಬಾಗಿಲು ತೆರೆದುಕೊಂಡಿತ್ತು. ಎಇಪಿಎಸ್ ಎಂಬ ಹೆಸರನ್ನೇ ಕೇಳದವರ ದುಡ್ಡು ಎಇಪಿಎಸ್ ಮೂಲಕ ಹೋಯಿತು. ಅತ್ತ ಕ್ರಯಪತ್ರದಲ್ಲಿ ಹೆಬ್ಬೆಟ್ಟು, ಫೋಟೊ, ಗುರುತಿನ ವಿವರ ಎಲ್ಲವೂ ಒಂದೇ ಕಡೆ ಇದ್ದವು. ಎರಡು ಏರ್ಪಾಡುಗಳು ತಂತಮ್ಮ ಮಟ್ಟಿಗೆ ಒಳ್ಳೆಯ ಕೆಲಸವನ್ನೇ ಮಾಡಿದ್ದವು. ಒಂದರ ದಾಖಲೆ ಇನ್ನೊಂದರ ಬೀಗಕ್ಕೆ ಕೀಲಿಕೈ ಆಗುತ್ತದೆಂದು ನೋಡುವುದು ಮಾತ್ರ ಯಾರ ಕೆಲಸವೂ ಆಗಿರಲಿಲ್ಲ.

ಪ್ರಕರಣ ಬೆಳಕಿಗೆ ಬಂದ ಮೇಲೆ ಸಾರ್ವಜನಿಕರಿಗೆ ಸಿಕ್ಕ ಸಲಹೆ ಏನು? ಎಂ-ಆಧಾರ್ ಆ್ಯಪ್‌ಗೆ ಹೋಗಿ ನಿಮ್ಮ ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ. ಪೊಲೀಸರು ಆ ಹೊತ್ತಿನಲ್ಲಿ ಹೇಳಬಹುದಾಗಿದ್ದುದು ಅದನ್ನೇ, ಅವರ ಮೇಲೆ ನನ್ನ ತಕರಾರಿಲ್ಲ. ನೋಂದಣಿ ಪತ್ರಗಳಲ್ಲಿ ಬೆರಳಚ್ಚು ಕಾಣದಂತೆ ಮಾಡುವ ಮಾತೂ ಸರ್ಕಾರದಿಂದ ಬಂತು. ಆದರೂ ಮೊದಲು ಓಡಬೇಕಾಗಿದ್ದು, ಆ್ಯಪ್ ಹುಡುಕಬೇಕಾಗಿದ್ದು, ಲಾಕ್ ಹಾಕಬೇಕಾಗಿದ್ದು ಹೆಬ್ಬೆಟ್ಟು ಕೊಟ್ಟವರೇ. ಕೊಡುವುದಿಲ್ಲ ಎನ್ನುವ ಆಯ್ಕೆ ಅವರಿಗಿತ್ತೆ? ಹೆಬ್ಬೆಟ್ಟು ಒತ್ತದೆ ಈ ರಾಜ್ಯದಲ್ಲಿ ಮನೆ ಕೊಂಡವರು ಯಾರಿದ್ದಾರೆ? ಪಾಸ್‌ವರ್ಡ್ ಕಳುವಾದರೆ ಬೇರೆ ಇಟ್ಟುಕೊಳ್ಳಬಹುದು. ಬೆರಳನ್ನು ಬದಲಿಸುವ ಕಚೇರಿ ಇನ್ನೂ ತೆರೆದಿಲ್ಲ.

ವೈಯಕ್ತಿಕ ಮಾಹಿತಿಯ ಗೋಪ್ಯತೆ ಎಂದ ಕೂಡಲೇ ನಮ್ಮಲ್ಲಿ ಚರ್ಚೆ ‘ಜನ ಜಾಗೃತರಾಗಬೇಕು’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಸೈಬರ್ ವಂಚನೆಯ ಬಗ್ಗೆ ಎಚ್ಚರಿಸುತ್ತಿದ್ದ ಕಾಲರ್ ಟ್ಯೂನ್ ಕೂಡ ನಮಗೇ ಬುದ್ಧಿ ಹೇಳುತ್ತಿತ್ತು. ಜಾಗೃತಿ ಬೇಡವೆಂದಲ್ಲ. ಆದರೆ ಮಂಗಳೂರಿನ ಪ್ರಕರಣದಲ್ಲಿ ಎಷ್ಟೇ ಜಾಗೃತನಾದ ಮನುಷ್ಯನೂ ಮಾಡಬಹುದಾಗಿದ್ದು ಹೆಚ್ಚೇನೂ ಇರಲಿಲ್ಲ. ಮಾಹಿತಿಯನ್ನು ಕೊಟ್ಟವನ ಎಚ್ಚರದ ಮೇಲೆ ನಿಂತಿರುವ ನಂಬಿಕೆ ನಂಬಿಕೆಯೇ ಅಲ್ಲ. ಕೇಳಿದವನು, ಕೂಡಿಟ್ಟವನು, ಕೈದಾಟಿಸಿದವನು ಹೊಣೆ ಹೊತ್ತಾಗ ಮಾತ್ರ ಅದಕ್ಕೆ ಬುಡ ಇರುತ್ತದೆ. ಬ್ಯಾಂಕುಗಳ ವಿಷಯದಲ್ಲಿ ಇದು ನಮಗೆ ಗೊತ್ತಿರುವುದೇ. 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು: ಗ್ರಾಹಕನದೂ ತಪ್ಪಿಲ್ಲ, ಬ್ಯಾಂಕಿನದೂ ತಪ್ಪಿಲ್ಲ, ವ್ಯವಸ್ಥೆಯ ಇನ್ನೆಲ್ಲೋ ಇರುವ ಲೋಪದಿಂದ ಹಣ ಹೋಗಿದೆ ಎಂದಾದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನ ಹೊಣೆ ಸೊನ್ನೆ, ತಪ್ಪು ಗ್ರಾಹಕನದೆಂದು ರುಜುವಾತು ಮಾಡುವ ಭಾರ ಬ್ಯಾಂಕಿನದು. ಕಾಗದದ ಮೇಲಿನ ಈ ನಿಯಮ ಕೌಂಟರಿನ ಬಳಿ ಎಷ್ಟು ಸುಲಭವಾಗಿ ದಕ್ಕುತ್ತದೆ ಎನ್ನುವುದು ಬೇರೆ ಮಾತು. ದಿಕ್ಕು ಮಾತ್ರ ಸರಿಯಾಗಿದೆ.

ಇದಕ್ಕೆ ವಿರುದ್ಧ ದಿಕ್ಕಿನಲ್ಲಿರುವುದು ‘ಒಪ್ಪಿಗೆ’ಯ ಪದ್ಧತಿ. ಆ್ಯಪ್ ತೆರೆದ ಕೂಡಲೇ ಬರುವ ಆ ಉದ್ದನೆಯ ನಿಬಂಧನೆಗಳು, ಕೆಳಗೊಂದು ‘ಒಪ್ಪಿದ್ದೇನೆ’ ಗುಂಡಿ. ಅದನ್ನು ಓದಿದವರು ಯಾರಾದರೂ ಇದ್ದರೆ ಅವರಿಗೆ ಸನ್ಮಾನ ಮಾಡಬೇಕು. 2020ರ ಲಾಕ್‌ಡೌನ್ ನಂತರ ಕಾಣಿಸಿಕೊಂಡ ಸಾಲದ ಆ್ಯಪ್‌ಗಳ ಹಾವಳಿ ಈ ಒಪ್ಪಿಗೆಯ ನಿಜ ಬಣ್ಣ ತೋರಿಸಿತು. ನಾಲ್ಕಾರು ಸಾವಿರದ ತುರ್ತು ಸಾಲಕ್ಕೆ ಕೈ ಚಾಚಿದವರು ಫೋನಿನ ಸಂಪರ್ಕ ಪಟ್ಟಿಯನ್ನೂ ಫೋಟೊಗಳನ್ನೂ ‘ಒಪ್ಪಿ’ ಕೊಟ್ಟರು. ಕಂತು ತಪ್ಪಿದಾಗ ಅಣ್ಣನಿಗೆ, ಅತ್ತೆಗೆ, ಆಫೀಸಿನ ಮೇಲಧಿಕಾರಿಗೆ ಫೋನ್ ಹೋಯಿತು. ತಿದ್ದಿದ ಅಶ್ಲೀಲ ಚಿತ್ರಗಳು ಹರಿದಾಡಿದವು. ಜೀವ ಕಳೆದುಕೊಂಡವರೂ ಇದ್ದಾರೆ. ಕಾಗದದ ಪ್ರಕಾರ ಅವರೆಲ್ಲರ ಒಪ್ಪಿಗೆ ಇತ್ತು. ಮನೆಯಲ್ಲಿ ಆಸ್ಪತ್ರೆಯ ಬಿಲ್ಲು ಇಟ್ಟುಕೊಂಡು ಕೂತವನ ಒಪ್ಪಿಗೆಗೆ ಎಷ್ಟು ಬೆಲೆ?

ಈ ಪಿಡುಗಿಗೆ ಮದ್ದಾಗಿ ಬಂದದ್ದು ಇನ್ನೂ ದೊಡ್ಡ ಅಕ್ಷರದ ಒಪ್ಪಿಗೆ ಪತ್ರವಲ್ಲ. 2022ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಡಿಜಿಟಲ್ ಸಾಲದ ಮಾರ್ಗಸೂಚಿ ತಂದು, ಸಾಲದ ಆ್ಯಪ್‌ಗಳು ಫೋನಿನ ಸಂಪರ್ಕ ಪಟ್ಟಿ, ಕರೆಗಳ ವಿವರ, ಫೋಟೊ ಮತ್ತಿತರ ಕಡತಗಳನ್ನು ಮುಟ್ಟಕೂಡದೆಂದು ಹೇಳಿತು. ಕ್ಯಾಮೆರಾ, ಲೊಕೇಶನ್‌ನಂಥವನ್ನು ಬೇಕಿದ್ದರೆ ಗ್ರಾಹಕನ ಗುರುತು ಪಡೆಯುವ ಹೊತ್ತಿಗೆ ಒಮ್ಮೆ ಮಾತ್ರ ಬಳಸಬಹುದು. 2023ರಲ್ಲಿ ಗೂಗಲ್ ಕೂಡ ತನ್ನ ಪ್ಲೇ ಸ್ಟೋರಿನ ಸಾಲದ ಆ್ಯಪ್‌ಗಳಿಗೆ ಸಂಪರ್ಕ ಪಟ್ಟಿ, ಫೋಟೊಗಳ ಪ್ರವೇಶವನ್ನು ನಿಷೇಧಿಸಿತು. ಕಳ್ಳ ಆ್ಯಪ್‌ಗಳು ಇದರಿಂದ ನಿರ್ನಾಮವಾಗಲಿಲ್ಲ, ನಿಜ. ಆದರೆ ಸಾಲಗಾರ ಒಪ್ಪಿದರೂ ಸರಿ, ನೀನು ಕೇಳುವಂತಿಲ್ಲ ಎಂದು ಕೇಳುವವನ ಕೈ ಕಟ್ಟಿದ ನಿಯಮವಿದು. ಗೋಪ್ಯತೆಯ ಕಾನೂನು ಹೇಗಿರಬೇಕು ಎಂಬುದಕ್ಕೆ ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಒಳ್ಳೆಯ ಮಾದರಿ ನಮ್ಮ ದೇಶದಲ್ಲಿ ಬೇರೆ ಇಲ್ಲ.

ಹಾಗಾದರೆ ದೇಶದ ಕಾಯ್ದೆ ಏನು ಹೇಳುತ್ತದೆ? ಇದರ ಹಿಂದಿನ ಕತೆಗೆ ಕರ್ನಾಟಕದ ನಂಟಿದೆ. ಆಧಾರ್ ಪ್ರಾಧಿಕಾರದ ಮೊದಲ ಅಧ್ಯಕ್ಷ ನಂದನ್ ನಿಲೇಕಣಿ ಬೆಂಗಳೂರಿನವರು. 2012ರಲ್ಲಿ ಆಧಾರ್ ಅನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು. ಆಗ ಅವರಿಗೆ ಎಂಬತ್ತು ದಾಟಿತ್ತು. ಆ ಪ್ರಕರಣದಲ್ಲಿ ಕೇಂದ್ರ ಸರ್ಕಾರ, ಗೋಪ್ಯತೆ ಎಂಬ ಮೂಲಭೂತ ಹಕ್ಕೇ ಸಂವಿಧಾನದಲ್ಲಿಲ್ಲ ಎಂದು ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ, ಇದೆ ಎಂದಿತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಐವರ ಪೀಠ ಬಹುಮತದಿಂದ ಆಧಾರ್ ಅನ್ನು ಎತ್ತಿಹಿಡಿದರೂ, ಸಿಮ್‌ಗೂ ಬ್ಯಾಂಕ್ ಖಾತೆಗೂ ಅದನ್ನು ಕಡ್ಡಾಯ ಮಾಡುವಂತಿಲ್ಲ ಎಂದಿತು. ಈ ತೀರ್ಪಿನ ನಂತರವೂ ಫೋನ್ ಅಂಗಡಿಯಲ್ಲಿ ಆಧಾರ್ ಕೊಡದೆ ಸಿಮ್ ತರಲು ಹೋದವರಿಗೆ ಹಕ್ಕು ಮತ್ತು ಕೌಂಟರಿನ ನಡುವಿನ ದೂರ ಗೊತ್ತಿರುತ್ತದೆ.

ಹಕ್ಕು ಇದೆ ಎಂದ ಆರು ವರ್ಷಕ್ಕೆ, 2023ರ ಆಗಸ್ಟ್‌ನಲ್ಲಿ, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರಲ್ಲಿ ಮೆಚ್ಚತಕ್ಕದ್ದಿದೆ. ಮಾಹಿತಿ ಯಾಕೆ ಬೇಕೆಂದು ತಿಳಿಸುವ ನೋಟಿಸನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಯಾವ ಭಾಷೆಯಲ್ಲಿ ಬೇಕಾದರೂ ಓದುವ ಆಯ್ಕೆ ಇರಬೇಕು, ಅಂದರೆ ಕನ್ನಡದಲ್ಲೂ. ಸುರಕ್ಷತೆಯಲ್ಲಿ ಲೋಪ ಎಸಗಿದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಕೇಳಲು ದೊಡ್ಡ ಮೊತ್ತ. ಆದರೆ ಆ ದಂಡ ಹೋಗುವುದು ಸರ್ಕಾರದ ಸಂಚಿತ ನಿಧಿಗೆ. ಮಾಹಿತಿ ಸೋರಿ ನಷ್ಟವಾದವನಿಗೆ ಈ ಕಾಯ್ದೆಯಡಿ ಒಂದು ಪೈಸೆ ಪರಿಹಾರವಿಲ್ಲ. ಹಿಂದಿನ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮಿನಲ್ಲಿ ಕಂಪನಿಗಳಿಂದ ಪರಿಹಾರ ಕೇಳುವ ಒಂದು ದಾರಿ ಇತ್ತು; ಹೊಸ ಕಾಯ್ದೆ ಅದನ್ನೂ ತೆಗೆದುಹಾಕುತ್ತದೆ. ಸರ್ಕಾರ ತಾನು ಸೂಚಿಸಿದ ತನ್ನದೇ ಸಂಸ್ಥೆಗಳಿಗೆ ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣ ಕೊಟ್ಟು ಕಾಯ್ದೆಯಿಂದಲೇ ವಿನಾಯಿತಿ ಕೊಡಬಹುದು. ಇಷ್ಟರ ಜೊತೆಗೆ, ಮಾಹಿತಿ ಕೊಡುವ ನಾಗರಿಕನಿಗೂ ‘ಕರ್ತವ್ಯ’ಗಳಿವೆ, ಸುಳ್ಳು ಅಥವಾ ಹುರುಳಿಲ್ಲದ ದೂರು ಕೊಟ್ಟರೆ 10,000 ರೂಪಾಯಿವರೆಗೆ ದಂಡ. ಮನೆಗೆ ನುಗ್ಗಿದ ಕಳ್ಳತನದ ಬಗ್ಗೆ ದೂರು ಕೊಡಲು ಹೋದವನಿಗೆ ಮೊದಲು ಸುಳ್ಳು ದೂರಿನ ಶಿಕ್ಷೆ ಓದಿ ಹೇಳುವ ಠಾಣೆ ನಮಗೆ ಹೊಸದೇನಲ್ಲ ಬಿಡಿ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಗೋಪ್ಯತೆ ಎಂಬುದು ನಮ್ಮ ನೆಲದ್ದಲ್ಲ, ನಮ್ಮೂರುಗಳಲ್ಲಿ ಯಾರ ಮನೆಯಲ್ಲಿ ಏನು ಅಡುಗೆ ಎಂಬುದೂ ಎಲ್ಲರಿಗೂ ಗೊತ್ತಿರುತ್ತಿತ್ತು, ಮುಚ್ಚಿಡಲು ನಮ್ಮಲ್ಲೇನಿದೆ ಎನ್ನುವವರಿದ್ದಾರೆ. ಊರಿನ ಶೆಟ್ಟರ ಅಂಗಡಿಯ ಉದ್ರಿ ಪುಸ್ತಕವನ್ನೇ ತೆಗೆದುಕೊಳ್ಳಿ. ಯಾರ ಮನೆಗೆ ಎಷ್ಟು ಅಕ್ಕಿ ಸಾಲ ಹೋಯಿತು, ಯಾರು ಯುಗಾದಿಗೂ ಬಾಕಿ ತೀರಿಸಲಿಲ್ಲ, ಎಲ್ಲ ಅದರಲ್ಲಿತ್ತು. ಆದರೆ ಶೆಟ್ಟರು ಬಾಯಿಬಿಟ್ಟರೆ ಬಿಟ್ಟವರು ಶೆಟ್ಟರೇ ಎಂದು ಗೊತ್ತಾಗುತ್ತಿತ್ತು. ಅವರ ಮನೆಯ ಸಂಗತಿಯೂ ಊರಿಗೆ ತಿಳಿದಿತ್ತು. ಆ ಪುಸ್ತಕ ಅಂಗಡಿಯ ಹೊಸ್ತಿಲು ದಾಟುತ್ತಿರಲಿಲ್ಲ. ಇವತ್ತು ಮಾಲ್‌ನ ಬಿಲ್ಲಿಂಗ್ ಕೌಂಟರಿನಲ್ಲಿ ಹೇಳಿದ ಮೊಬೈಲ್ ನಂಬರ್ ಯಾವ ಊರಿನ ಯಾವ ಸರ್ವರಿನಲ್ಲಿದೆ, ಎಷ್ಟು ಕೈ ದಾಟಿದೆ, ನಾಳೆ ಸಂಜೆ ಸೈಟು ಮಾರಲು ಕರೆ ಮಾಡುವವನಿಗೆ ಅದು ಎಲ್ಲಿಂದ ಸಿಕ್ಕಿತು ಎಂದು ಕೇಳಿದರೆ ಹೇಳುವವರಿಲ್ಲ. ಬಿಲ್ ಮಾಡಲು ನಂಬರ್ ಕೊಡಲೇಬೇಕೆಂದು ಗ್ರಾಹಕರನ್ನು ಒತ್ತಾಯಿಸುವಂತಿಲ್ಲ ಎಂದು ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರಲ್ಲೇ ಹೇಳಿದೆ. ಹಾಗೆಂದು ಕೌಂಟರಿನ ಹುಡುಗಿಯೊಂದಿಗೆ ವಾದಕ್ಕೆ ನಿಂತರೆ ಹಿಂದಿನ ಸಾಲಿನವರು ನಮ್ಮನ್ನು ನೋಡುವ ನೋಟವೇ ಬೇರೆ. ಪಾಪ, ಆ ಹುಡುಗಿಯದೇನೂ ತಪ್ಪಿಲ್ಲ. ನಂಬರ್ ತುಂಬದೆ ಅವಳ ಪರದೆ ಮುಂದಕ್ಕೆ ಹೋಗುವುದಿಲ್ಲ.

ಇನ್ನು, ಎಲ್ಲರಿಗೂ ಎಲ್ಲ ಗೊತ್ತಿದ್ದ ಆ ಊರು ಎಲ್ಲರಿಗೂ ಸುಖದ ಊರಾಗಿತ್ತೆ? ಜಾತಿಯನ್ನು ಬಲ್ಲ ಊರಿನಿಂದ, ಅದನ್ನು ಕೇಳದಿರುವ ಸಾಧ್ಯತೆಯಾದರೂ ಇದ್ದ ನಗರಕ್ಕೆ ಬಂದು ಉಸಿರಾಡಿದವರ ಸಂಖ್ಯೆ ಸಣ್ಣದಲ್ಲ. ಗೋಪ್ಯತೆ ಶ್ರೀಮಂತರ ಶೋಕಿ ಎನ್ನುವವರು, ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಲು ಹೊರಟ ಅಂತರಧರ್ಮೀಯ ಜೋಡಿಯನ್ನು ಕೇಳಿ ನೋಡಲಿ. ಮೂವತ್ತು ದಿನ ಅವರ ಹೆಸರು ವಿಳಾಸದ ನೋಟಿಸು ಕಚೇರಿಯಲ್ಲಿ ಎದ್ದು ಕಾಣುವ ಜಾಗದಲ್ಲಿರಬೇಕು. ಗೋಡೆಯ ಮೇಲಿದ್ದಾಗ ಅದನ್ನು ನೋಡುವವರು ನಾಲ್ಕು ಜನ. ಅದೇ ನೋಟಿಸು ಜಾಲತಾಣಕ್ಕೆ ಏರಿದರೆ ಅಟ್ಟಾಡಿಸುವವರ ಕೈಗೆ ವಿಳಾಸ ಇಟ್ಟಂತೆ. ಕೇರಳ ಸರ್ಕಾರ 2020ರಲ್ಲಿ ಅಂಥ ನೋಟಿಸುಗಳನ್ನು ಜಾಲತಾಣದಲ್ಲಿ ಹಾಕುವುದನ್ನು ನಿಲ್ಲಿಸಿದ್ದು ಈ ಕಾರಣಕ್ಕೇ. ಹಾಗೆಯೇ, ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಗೇಟಿನ ಆ್ಯಪ್‌ನಲ್ಲಿ ಮನೆಗೆಲಸದ ಹೆಂಗಸಿನ ಫೋಟೊ, ಬಂದ ಹೊತ್ತು, ಹೋದ ಹೊತ್ತು, ಕೆಲವೆಡೆ ಅವರಿಗೆ ಕೊಟ್ಟ ‘ಸ್ಟಾರ್’ಗಳೂ ಇರುತ್ತವೆ. ಬೇಡ ಎಂದರೆ ಗೇಟು ತೆರೆಯುವುದಿಲ್ಲ. ಸಂಬಳವನ್ನು ತಿಂಗಳ ಹತ್ತನೇ ತಾರೀಖಿಗೂ ಕೊಡದ ಮನೆಗೆ ಅವರು ಸ್ಟಾರ್ ಹಾಕುವ ಜಾಗ ಮಾತ್ರ ಅದರಲ್ಲಿಲ್ಲ.

ಒಂದು ಕೆಲಸಕ್ಕೆಂದು ಪಡೆದದ್ದು ಇನ್ನೊಂದಕ್ಕೆ ಬಳಕೆಯಾಗುವುದು ನಂಬಿಕೆ ಕೆಡುವ ಮುಖ್ಯ ದಾರಿ. 2022ರ ನವೆಂಬರ್‌ನಲ್ಲಿ ಬಯಲಾದ ‘ಚಿಲುಮೆ’ ಪ್ರಕರಣ ನೆನಪಿರಬಹುದು. ಬೆಂಗಳೂರಿನಲ್ಲಿ ಮತದಾರರ ಜಾಗೃತಿಗೆಂದು ಪಾಲಿಕೆಯಿಂದ ಅನುಮತಿ ಪಡೆದ ಚಿಲುಮೆ ಎಂಬ ಖಾಸಗಿ ಸಂಸ್ಥೆಯ ಜನ ಮತಗಟ್ಟೆ ಅಧಿಕಾರಿಗಳೆಂದು ಹೇಳಿಕೊಂಡು ಮನೆಮನೆಗೆ ಹೋಗಿ ಮತದಾರರ ವಿವರ ಕಲೆಹಾಕಿದ್ದರೆಂದು ಸುದ್ದಿ ಮಾಧ್ಯಮಗಳು ಹೊರಗೆಳೆದವು. ಬಂಧನಗಳಾದವು, ಚುನಾವಣಾ ಆಯೋಗದ ಸೂಚನೆ ಮೇರೆಗೆ ಹಿರಿಯ ಅಧಿಕಾರಿಗಳು ಅಮಾನತಾದರು, ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಮತದಾರರ ಪಟ್ಟಿಯ ಮರುಪರಿಶೀಲನೆ ನಡೆಯಿತು. ಕುತ್ತಿಗೆಯಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡು ಬಂದವರನ್ನು ನಂಬಿ ಉತ್ತರ ಕೊಟ್ಟ ಗೃಹಿಣಿಯನ್ನು ‘ಅಜಾಗರೂಕಳು’ ಎನ್ನಲಾದೀತೆ?

ಚಿಲುಮೆಯಲ್ಲಿ ತಪ್ಪು ಯಾರದೆಂದು ಹೇಳುವುದು ಸುಲಭ. 2025ರ ಜುಲೈನಲ್ಲಿ ನಡೆದದ್ದು ಅಷ್ಟು ಸುಲಭವಲ್ಲ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದೀಚಿನ ಯುಪಿಐ ಜಮೆಯ ವಿವರಗಳನ್ನು ತರಿಸಿಕೊಂಡು, ಸಾವಿರಾರು ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿ, ತರಕಾರಿ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ವರ್ಷದ ವಹಿವಾಟು ಸರಕಿಗಾದರೆ 40 ಲಕ್ಷ, ಸೇವೆಗಾದರೆ 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ನೋಟಿಸ್ ನೋಡಿದ ಅಂಗಡಿಗಳಲ್ಲಿ ಕ್ಯೂಆರ್ ಕೋಡಿನ ಫಲಕಗಳು ಮಾಯವಾಗಿ ‘ನೋ ಯುಪಿಐ, ಓನ್ಲಿ ಕ್ಯಾಶ್’ ಚೀಟಿಗಳು ಬಂದವು. ಕೊನೆಗೆ ಮುಖ್ಯಮಂತ್ರಿಗಳು ವ್ಯಾಪಾರಿಗಳನ್ನು ಕರೆಸಿ, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಹೇಳಬೇಕಾಯಿತು.

ತೆರಿಗೆ ತಪ್ಪಿಸುವುದಕ್ಕೆ ಗೋಪ್ಯತೆಯ ಹೆಸರು ಕೊಡಲು ನಾನು ಸಿದ್ಧನಿಲ್ಲ. ಲೆಕ್ಕ ಕೇಳುವ ಅಧಿಕಾರ ಇಲಾಖೆಗೆ ಕಾನೂನಿನಲ್ಲೇ ಇದೆ. ಆದರೆ ಯಂತ್ರಕ್ಕೆ ಕಂಡದ್ದು ಜಮೆಯ ಮೊತ್ತ ಮಾತ್ರ. ಅದರಲ್ಲಿ ತೆರಿಗೆಯೇ ಇಲ್ಲದ ಹಾಲು, ತರಕಾರಿಯ ದುಡ್ಡಿತ್ತು. ಭಾವಮೈದ ಕಳಿಸಿದ ಕೈಗಡವೂ ಸೇರಿತ್ತು ಎಂದು ವ್ಯಾಪಾರಿಗಳು ಹೇಳಿದರು. ನಾಲ್ಕು ವರ್ಷದ ಅಂಥ ಮೊತ್ತವನ್ನು ಒಟ್ಟು ಹಾಕಿ ಇಷ್ಟು ಕಟ್ಟು ಎಂದಾಗ, ಅದು ಅಲ್ಲವೆಂದು ತೋರಿಸುವ ಭಾರ ಬೇಕರಿಯವನದಾಯಿತು. ಆ ಕ್ಯೂಆರ್ ಫಲಕವನ್ನು ಅಂಗಡಿಗೆ ಅಂಟಿಸುವಾಗ ದೇಶ ಡಿಜಿಟಲ್ ಆಗುತ್ತಿದೆ ಎಂದವರು, ಇದರ ಲೆಕ್ಕ ಯಾರ್‍ಯಾರು ನೋಡಬಹುದು ಎಂದು ಒಂದು ಮಾತು ಹೇಳಿದ್ದರೆ? ವರ್ಷಗಟ್ಟಲೆ ಕಟ್ಟಿದ ಅಭ್ಯಾಸವೊಂದನ್ನು ಜನ ಒಂದೇ ವಾರದಲ್ಲಿ ಕಿತ್ತುಹಾಕಲು ತಯಾರಾದದ್ದು ತಂತ್ರಜ್ಞಾನ ಕೈಕೊಟ್ಟದ್ದರಿಂದಲ್ಲ. ಯುಪಿಐ ಆ ವಾರವೂ ಎಂದಿನಂತೆ ಟಿಣ್ ಎನ್ನುತ್ತಿತ್ತು.

ಅದೇ ವರ್ಷ ಇದಕ್ಕೆ ಉಲ್ಟಾ ಆದದ್ದೂ ಇದೆ. ಸೆಪ್ಟೆಂಬರ್‌ನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಶುರುವಾದಾಗ ವಿಷಯ ಹೈಕೋರ್ಟಿಗೆ ಹೋಯಿತು. ನ್ಯಾಯಾಲಯ ಸಮೀಕ್ಷೆಗೆ ತಡೆ ಕೊಡಲಿಲ್ಲ. ಆದರೆ ಉತ್ತರಿಸುವುದು ಕಡ್ಡಾಯವಲ್ಲ, ಅದನ್ನು ಜನರಿಗೆ ಮೊದಲೇ ತಿಳಿಸಬೇಕು, ಸಿಕ್ಕ ವಿವರವನ್ನು ಗೋಪ್ಯವಾಗಿಡಬೇಕು ಎಂದಿತು. ಸಮೀಕ್ಷೆಯ ಅಗತ್ಯವನ್ನು ಒಪ್ಪುವವನು ನಾನು. ಜಾತಿಯ ಲೆಕ್ಕವಿಲ್ಲದೆ ಜಾತಿಯ ಅನ್ಯಾಯವನ್ನು ಅಳೆಯುವುದು ಹೇಗೆ? ಅದಕ್ಕಾಗಿಯೇ ಈ ಆದೇಶ ಸಮೀಕ್ಷೆಗೆ ಅಡ್ಡಿ ಎಂದು ನನಗನ್ನಿಸಲಿಲ್ಲ. ಬಾಗಿಲು ತಟ್ಟಿದವರು ಮೊದಲು ತಮ್ಮ ಮಾತು ಹೇಳಿ, ಆಮೇಲೆ ಪ್ರಶ್ನೆ ಕೇಳಲಿ ಎನ್ನುವುದು ಮನೆಗೆ ಬಂದವರಿಂದ ನಾವು ನಿರೀಕ್ಷಿಸುವ ಕನಿಷ್ಠ ಮರ್ಯಾದೆ.

ಹಾಗಂತ ಎಲ್ಲ ದಾಖಲೆಗೂ ಬೀಗ ಜಡಿಯಬೇಕೆ? ಕೂಡದು. ಈ ಎಚ್ಚರ ಗೋಪ್ಯತೆಯ ಪರವಾಗಿ ಮಾತಾಡುವವರಿಗೇ ಹೆಚ್ಚು ಬೇಕು. ಕ್ರಯಪತ್ರ ಸಾರ್ವಜನಿಕ ದಾಖಲೆಯಾಗಿರುವುದಕ್ಕೆ ಕಾರಣವಿದೆ. ಒಂದೇ ಸೈಟನ್ನು ಮೂವರಿಗೆ ಮಾರುವವರಿಂದ ಕೊಳ್ಳುವವನನ್ನು ಕಾಪಾಡುವುದು ಅದೇ. ಎರಡು ದಶಕದ ಹಿಂದೆ ‘ಭೂಮಿ’ ಯೋಜನೆ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ, ಒಂದು ಪಹಣಿ ಪ್ರತಿಗಾಗಿ ಗ್ರಾಮ ಲೆಕ್ಕಿಗರ ಹಿಂದೆ ಅಲೆಯುತ್ತಿದ್ದ ರೈತನಿಗೆ ಆದ ಅನುಕೂಲ ಸಣ್ಣದಲ್ಲ. ದಾಖಲೆ ತೆರೆದೇ ಇರಲಿ, ಹೆಬ್ಬೆಟ್ಟು ಮರೆಯಾಗಲಿ. ಜಮೀನು ಯಾರದೆಂದು ಊರಿಗೆ ಗೊತ್ತಿರಲಿ. ಅವನ ಆಧಾರ್ ಸಂಖ್ಯೆ ಊರಿಗೆ ಯಾಕೆ? ಈ ಎರಡರ ನಡುವೆ ಗೆರೆ ಎಳೆಯುವುದು ಕಷ್ಟದ ಕೆಲಸವೇನಲ್ಲ, ಎಳೆಯಬೇಕೆಂಬ ಮನಸ್ಸಿದ್ದರೆ.

ಆ ಗೆರೆ ಈಗ ಎಲ್ಲಿ ಬಿದ್ದಿದೆ ನೋಡಿ. ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮಿನ ಪ್ರಕಾರ, ಸಾರ್ವಜನಿಕ ಚಟುವಟಿಕೆಗೆ ಸಂಬಂಧಿಸದ ಅಥವಾ ಒಬ್ಬರ ಖಾಸಗಿತನಕ್ಕೆ ಅನಗತ್ಯವಾಗಿ ಕೈಹಾಕುವಂಥ ವೈಯಕ್ತಿಕ ವಿವರಗಳನ್ನು ಅಧಿಕಾರಿ ನಿರಾಕರಿಸಬಹುದಿತ್ತು. ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ಕೊಡಬೇಕಿತ್ತು. ಹೊಸ ದತ್ತಾಂಶ ಕಾಯ್ದೆ ಈ ಕಲಮನ್ನು ಮೊಟಕುಗೊಳಿಸಿ, ವೈಯಕ್ತಿಕ ಮಾಹಿತಿ ಎಂಬಷ್ಟೇ ಕಾರಣ ಸಾಕು ಎಂದು ಮಾಡಿತು. ಸಾರ್ವಜನಿಕ ಹಿತಕ್ಕಾಗಿ ಮಾಹಿತಿ ಕೊಡಬಹುದೆನ್ನುವ ಬೇರೊಂದು ಕಲಮು ಉಳಿದಿದೆಯಾದರೂ, ಅದನ್ನು ಬಳಸುವುದು ಅಧಿಕಾರಿಯ ಮರ್ಜಿ. ಉದ್ಯೋಗ ಖಾತರಿಯ ಹಾಜರಿ ಪಟ್ಟಿಯಲ್ಲಿ ಹೆಸರುಗಳಿರುತ್ತವೆ. ಸತ್ತವರ ಹೆಸರಲ್ಲಿ ಕೂಲಿ ಎತ್ತಿದ್ದನ್ನು ಹಳ್ಳಿಯ ಜನ ಹಿಡಿಯುವುದು ಆ ಹೆಸರುಗಳನ್ನು ಗಟ್ಟಿಯಾಗಿ ಓದಿಯೇ. ಗುತ್ತಿಗೆ ಯಾರಿಗೆ ಹೋಯಿತು, ಮನೆ ಯಾರಿಗೆ ಮಂಜೂರಾಯಿತು, ಇವೆಲ್ಲಕ್ಕೂ ಹೆಸರಿದೆ. ಹೆಸರಿರುವುದೆಲ್ಲ ‘ವೈಯಕ್ತಿಕ’ವಾದರೆ ಕೇಳಲು ಉಳಿಯುವುದು ಕಟ್ಟಡದ ಉದ್ದಗಲ ಮಾತ್ರ.

ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದವು. ಅದರ ಜೊತೆಗೆ ಬಂದ ಅಧಿಸೂಚನೆಯ ಪ್ರಕಾರ, ಕಂಪನಿಗಳೂ ಕಚೇರಿಗಳೂ ನಮ್ಮ ಮಾಹಿತಿಯನ್ನು ಜೋಪಾನ ಮಾಡಬೇಕೆಂಬ ಕಲಮುಗಳು, ಅದನ್ನು ತಿದ್ದಿಸುವ, ಅಳಿಸುವ ನಮ್ಮ ಹಕ್ಕುಗಳು, ಸೋರಿಕೆಗೆ ಹಾಕುವ 250 ಕೋಟಿಯ ದಂಡ, ಇವಕ್ಕೆಲ್ಲ 18 ತಿಂಗಳ ಗಡುವು. ವ್ಯವಸ್ಥೆ ಸಜ್ಜಾಗಲು ಸಮಯ ಬೇಕಲ್ಲ ಎನ್ನುವುದು ಕಾರಣ, ಇರಲಿ. ಮಾಹಿತಿ ಹಕ್ಕಿಗೆ ಹಾಕಿದ ಕತ್ತರಿ ಮಾತ್ರ ಅದೇ ತಿಂಗಳು ಜಾರಿಗೆ ಬಂತು.